ಕಪ್ಪು ಮುಖ ಬೂದಿಯಾಗದ ಹಾಗೆ ಪ್ರಿಂಟ್ ಹಾಕಿಸೋದು ಹೇಗೆ? ವರ್ಣಭೇದ ವಿರೋಧಿ ಫೋಟೊ ಪ್ರದರ್ಶನ, ಚಿಕ್ಕಮಗಳೂರು

ಯಗಚಿ

ಡಿಸೆಂಬರ್ ಕೊನೇ ವಾರ ಚಿಕ್ಕಮಗಳೂರಲ್ಲಿ ಎರಡು ದಿನದ ಫೋಟೊ ಪ್ರದರ್ಶನ ಇದೆ. ವಿಷಯ, ವರ್ಣಭೇದದ ವಿರುದ್ಧ ಕ್ಯಾಮೆರಾ. ಮುಖ್ಯವಾಗಿ ದಕ್ಷಿಣ ಆಫ್ರಿಕಾ ಮತ್ತು ಅಮೆರಿಕ. ಗೋಡೆ ಒಟ್ಟು 60 ಅಡಿ ಸಿಗುತ್ತೆ. ಅದಾದ ಮೇಲೆ ಕಾಫಿ ಕೊಯ್ಲಿನ ಹೊತ್ತಿಗೆ ಮೂಡಿಗೆರೆ, ಸಕಲೇಶಪುರ ಕಡೆಯ ಲೈನ್ ಮನೆಗಳನ್ನೂ (ತೋಟದ ಕೆಲಸದವರ ಸಾಲು ಮನೆ) ಅಸ್ಸಾಂ, ಜಾರ್ಖಂಡ್‌ನಿಂದ ಬಂದ ಕೆಲಸದವರ ಬದುಕನ್ನೂ ದಾಖಲು ಮಾಡೋ ಆಲೋಚನೆ ಇದೆ.

ತುರ್ತು ಪ್ರಶ್ನೆ: ಅಮೆರಿಕದ ಕಪ್ಪು ಫೋಟೊಗ್ರಾಫರ್ ಗಾರ್ಡನ್ ಪಾರ್ಕ್ಸ್ 1942ರಲ್ಲಿ ವಾಷಿಂಗ್ಟನ್‌ನಲ್ಲಿ ತೆಗೆದ, ಕಚೇರಿ ಗುಡಿಸೋ ಕೆಲಸದ ಎಲಾ ವಾಟ್ಸನ್ ಚಿತ್ರದ ಟೆಸ್ಟ್ ಪ್ರಿಂಟ್ ಬಂದಿದೆ. ಮುಖಕ್ಕೆ ಬೂದಿ ಬಳಿದ ಹಾಗಿದೆ. ಫೈಲ್ ಲೈಬ್ರರಿ ಆಫ್ ಕಾಂಗ್ರೆಸ್ ತಾಣದಿಂದ ಇಳಿಸಿಕೊಂಡ ದೊಡ್ಡ ಟಿಫ್, ಸ್ಕ್ರೀನ್ ಮೇಲೆ ಚೆನ್ನಾಗೇ ಇದೆ. ಎಲ್ಲಿ ಎಡವಿದ್ದೀವಿ? ಜೊತೆಗೆ ಯಾರ ಚಿತ್ರ ಇಡಬೇಕು, ಅಡಿಬರಹ ಹೇಗಿರಬೇಕು ಅನ್ನೋದನ್ನೂ ತಿಳಿದವರು ಹೇಳಿ.

ಕೆಂಪು ದೀಪ

ಎಡವಿರೋದು ಲ್ಯಾಬಿನ ಮಷೀನು. ಮಿನಿಲ್ಯಾಬ್ ಸಾಫ್ಟ್‌ವೇರ್ ಬಂದ ಫೈಲನ್ನೆಲ್ಲ ತಾನೇ "ಸರಿ" ಮಾಡುತ್ತೆ. ಕಪ್ಪು ಮುಖ ಕಂಡ್ರೆ ಅಂಡರ್ ಎಕ್ಸ್‌ಪೋಸ್ ಆಗಿದೆ, ಬೆಳಕು ಸಾಲದು ಅಂದ್ಕೊಂಡು ಮೇಲಕ್ಕೆತ್ತುತ್ತೆ. ಅದರ ಮೇಲೆ ನಮ್ಮ ಕಡೆ ಮದುವೆ ಆಲ್ಬಂ ಮಾಡೋರ ಕೈಗುಣ ಬೇರೆ. ಹುಡುಗಿ ಯಾವ ಬಣ್ಣ ಇದ್ರೂ ಒಂದು ಕ್ಲಿಕ್ಕಿಗೆ ಹಾಲು ಸುರಿದ ಹಾಗೆ ಮಾಡೋ ಆಕ್ಷನ್ ಅವರ ಫೋಟೊಶಾಪಲ್ಲಿ ರೆಡಿ ಇರುತ್ತೆ.

ಹೀಗೆ ಮಾಡಿ. ಆರ್ಡರ್ ಫಾರಂ ಮೇಲೆ "ಕರೆಕ್ಷನ್ ಬೇಡ" ಅಂತ ಬರೆಸಿ, ಬಾಯಲ್ಲೂ ಹೇಳಿ. 12×18 ಇಂಚಿಗೆ 300 ಡಿಪಿಐನಲ್ಲಿ 3600×5400 ಪಿಕ್ಸೆಲ್ ಬೇಕು. ನಾಲ್ಕಡಿ ದೂರ ನಿಂತು ನೋಡೋ ಗೋಡೆಗೆ 200 ಡಿಪಿಐ ಸಾಕು. ಕಪ್ಪು ಬಿಳುಪು ಫೈಲನ್ನ ಗ್ರೇಸ್ಕೇಲಲ್ಲೇ ಕೊಟ್ರೆ ಕೆಲವು ಮಷೀನು ಗೊಂದಲ ಮಾಡ್ಕೊಳ್ಳುತ್ತೆ, ಎಸ್‌ಆರ್‌ಜಿಬಿಗೆ (ಮಾಮೂಲಿ ಬಣ್ಣದ ಫೈಲಿನ ನಮೂನೆ) ಬದಲಿಸಿ ಕೊಡಿ. ಬಣ್ಣದ ಪೇಪರ್ ಮೇಲೆ ಕಪ್ಪು ಬಿಳುಪು ಹಾಕಿದಾಗ ಹಸಿರು ಅಥವಾ ನೇರಳೆ ಛಾಯೆ ಬರೋದುಂಟು. ಅದು ಕೆಮಿಕಲ್ ಸಮತೋಲನದ ತೊಂದರೆ. ಲ್ಯಾಬಿನವರು ಬೆಳಗ್ಗೆ ಕಂಟ್ರೋಲ್ ಸ್ಟ್ರಿಪ್ (ಕೆಮಿಕಲ್ ಪರೀಕ್ಷೆಯ ಪಟ್ಟಿ) ಹಾಕಿದ ಮೇಲೆ ನಿಮ್ಮದನ್ನ ಹಾಕಲಿ.

ಪೂರ್ತಿ ಸೈಜ್ ಹಾಕಿಸೋಕೆ ಮುಂಚೆ ಮುಖದ ಭಾಗ ಮಾತ್ರ ಕತ್ತರಿಸಿ 4×6ರಲ್ಲಿ ಮೂರು ಹಾಕಿಸಿ: ಇದ್ದ ಹಾಗೇ ಒಂದು, ಅರ್ಧ ಸ್ಟಾಪ್ (ಒಂದು ಸ್ಟಾಪ್ ಅಂದ್ರೆ ಬೆಳಕು ಇಮ್ಮಡಿ ಇಲ್ಲಾ ಅರ್ಧ) ಗಾಢ ಒಂದು, ಅರ್ಧ ಸ್ಟಾಪ್ ತಿಳಿ ಒಂದು. ಪ್ರದರ್ಶನದ ಹಾಲಿಗೇ ಒಯ್ದು ಅಲ್ಲಿನ ದೀಪದಲ್ಲಿ ನೋಡಿ. ಅಂಗಡಿ ಕೌಂಟರ್ ಮೇಲಿನ ಟ್ಯೂಬ್‌ಲೈಟನ್ನ ನಂಬಬೇಡಿ.

ವಾಟ್ಸನ್ ಚಿತ್ರದಲ್ಲಿ ನೋಡಬೇಕಾದ್ದು ಮೂರು ಜಾಗ. ಕೈಯಲ್ಲಿ ಮೇಲ್ಮುಖವಾಗಿ ಹಿಡಿದ ಪೊರಕೆಯ ಕಡ್ಡಿಗಳು ಬಿಡಿಬಿಡಿಯಾಗಿ ಕಾಣಬೇಕು. ಬಟ್ಟೆಯ ಚುಕ್ಕಿ ಬಿಳಿಯಾಗಿದ್ರೂ ಉರಿದುಹೋಗಿರಬಾರದು. ಕೆನ್ನೆ ಮೂಳೆ ಮೇಲೆ ಒಂದು ಹೊಳಪಿದೆ, ಅದು ಉಳಿದು ಅದರ ಸುತ್ತ ಕಪ್ಪು ಕಪ್ಪಾಗೇ ಇರಬೇಕು. ಹಿಂದಿನ ಬಾವುಟ ಫೋಕಸಲ್ಲಿಲ್ಲ, ಮೊದಲಿಂದಲೂ ಹಾಗೇ. ಅದಕ್ಕೆ ಶಾರ್ಪನ್ ಒತ್ತಬೇಡಿ.

ಹಳೇ ನೆಗೆಟಿವ್

ಕೆಂಪು ದೀಪ ಅವರು ಹೇಳಿದ್ದು ನಮ್ಮ ಕಡೆಯ ಒಂದು ಲ್ಯಾಬಿನ ಕಥೆಯಷ್ಟೇ ಅಲ್ಲ. ಕೊಡಾಕ್ ಕಂಪನಿ ಲ್ಯಾಬುಗಳಿಗೆ ಬಣ್ಣ ಹೊಂದಿಸಿಕೊಳ್ಳಲು ಕಳಿಸುತ್ತಿದ್ದ "ಶರ್ಲಿ ಕಾರ್ಡ್" ಮೇಲೆ ದಶಕಗಟ್ಟಲೆ ಇದ್ದದ್ದು ಬಿಳಿ ಹೆಂಗಸಿನ ಮುಖ. ಅವಳ ಚರ್ಮ ಸರಿ ಬಂದರೆ ಮಷೀನು ಸರಿ. ಕಪ್ಪು ಮಗು, ಬಿಳಿ ಮಗು ಒಂದೇ ಬೆಂಚಲ್ಲಿ ಕೂತ ಶಾಲೆಯ ಫೋಟೊದಲ್ಲಿ ಕಪ್ಪು ಮಗುವಿನ ಹಲ್ಲು, ಕಣ್ಣು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಬೇರೆ ಬೇರೆ ಮೈಬಣ್ಣದ ಕಾರ್ಡು ಬರುವ ಹೊತ್ತಿಗೆ 1990ರ ದಶಕ.

ಇನ್ನು ಆಯ್ಕೆ. ಏಟು, ನಾಯಿ, ಹೆಣ, ಇವನ್ನು ಬಾಗಿಲಲ್ಲೇ ಇಡಬೇಡಿ. ಮೊದಲ ಗೋಡೆಗೆ ದಕ್ಷಿಣ ಆಫ್ರಿಕಾದ ಕಪ್ಪು ಫೋಟೊಗ್ರಾಫರ್ ಅರ್ನೆಸ್ಟ್ ಕೋಲ್. ಹುಟ್ಟಿದ್ದು 1940ರಲ್ಲಿ. ಸರ್ಕಾರಿ ದಾಖಲೆಯಲ್ಲಿ "ಕಪ್ಪು" ಎಂದಿದ್ದದ್ದನ್ನು "ಕಲರ್ಡ್" (ಮಿಶ್ರ ಮೂಲದವರು) ಎಂದು ಬದಲಿಸಿಕೊಂಡು, ಮನೆತನದ ಹೆಸರಿನ ಕಾಗುಣಿತವನ್ನೂ ತಿದ್ದಿಕೊಂಡ. ಅದರಿಂದ ಕಪ್ಪು ಜನ ಸದಾ ಜೊತೆಗಿಟ್ಟುಕೊಳ್ಳಬೇಕಿದ್ದ ಗುರುತಿನ ಪುಸ್ತಕದ, ಅಂದರೆ ಪಾಸ್‌ಬುಕ್ಕಿನ, ಕಾಟವಿಲ್ಲದೆ ಓಡಾಡಲು ಆಯಿತು. ಗಣಿಯೊಳಗೆ ಕ್ಯಾಮೆರಾವನ್ನು ಊಟದ ಕಾಗದದ ಚೀಲದಲ್ಲಿಟ್ಟುಕೊಂಡು ಹೋದ. ಕೆಲಸಕ್ಕೆ ಬಂದ ಗಂಡಸರನ್ನು ಬತ್ತಲೆಯಾಗಿ ಗೋಡೆಗೆ ಮುಖ ಮಾಡಿ, ಕೈ ಮೇಲೆತ್ತಿಸಿ ನಿಲ್ಲಿಸಿದ ವೈದ್ಯ ತಪಾಸಣೆಯ ಚಿತ್ರ ಸಿಕ್ಕಿದ್ದು ಹಾಗೆ. 1966ರಲ್ಲಿ ದೇಶ ಬಿಟ್ಟ, 1967ರಲ್ಲಿ ನ್ಯೂಯಾರ್ಕಿನಲ್ಲಿ ಪುಸ್ತಕ ಬಂತು, ದಕ್ಷಿಣ ಆಫ್ರಿಕಾದಲ್ಲಿ ಅದಕ್ಕೆ ನಿಷೇಧ ಬಿತ್ತು.

ಆ ಪುಸ್ತಕದಿಂದ ಕಲಿಯಬೇಕಾದ್ದು ಅದರ ಅಧ್ಯಾಯಗಳ ಕ್ರಮ: ಗಣಿ, ಪೊಲೀಸು ಮತ್ತು ಪಾಸು, ರೈಲು, ಮನೆಗೆಲಸ, ಶಾಲೆ, ಆಸ್ಪತ್ರೆ, ಗಡಿಪಾರು. ಒಂದು ಕ್ರೂರ ಘಟನೆಯ ಚಿತ್ರ ತೋರಿಸಿದರೆ "ಯಾರೋ ಒಬ್ಬ ಕೆಟ್ಟ ಪೊಲೀಸಿನವನು" ಎಂದು ಜಾರಿಕೊಳ್ಳಬಹುದು. ಬೆಳಗಿನ ರೈಲಿಂದ ರಾತ್ರಿಯ ಹಾಸಿಗೆವರೆಗೂ ಸಾಲಾಗಿ ಇಟ್ಟರೆ ಜಾರಲು ಜಾಗವಿಲ್ಲ.

ಪ್ರಶ್ನೆ ಪಾಪಣ್ಣ

ಎಲ್ಲ ಸರಿ, ಆದ್ರೆ ಕ್ಯಾಮೆರಾ ಅನ್ನೋದು ಮೊದಲು ಆಳೋರ ಸಾಮಾನಲ್ವಾ? 1868ರಿಂದ 75ರವರೆಗೆ ಬ್ರಿಟಿಷರು ಎಂಟು ಸಂಪುಟ ಫೋಟೊ ಹಾಕಿ ನಮ್ಮ ಜಾತಿ ಬುಡಕಟ್ಟುಗಳನ್ನೆಲ್ಲ ಕೀಟ ಅಂಟಿಸಿದ ಹಾಗೆ ಅಂಟಿಸಿದ್ರು. ಆಮೇಲೆ ಥರ್ಸ್ಟನ್ ಅನ್ನೋ ಬ್ರಿಟಿಷ್ ಅಧಿಕಾರಿ ಮದ್ರಾಸಲ್ಲಿ ಕೂತು ತಲೆ, ಮೂಗು ಅಳೆದು ಏಳು ಸಂಪುಟ ಮಾಡಿದ. "ಪ್ರತಿರೋಧ" ಅಂತ ಬೋರ್ಡ್ ಹಾಕಿದ ತಕ್ಷಣ ಆ ಪಾಪ ಹೋಗುತ್ತಾ?

ಹಳೇ ನೆಗೆಟಿವ್

ಹೋಗಲ್ಲ ಪಾಪಣ್ಣ, ಅದಕ್ಕೇ ಅದನ್ನೂ ಗೋಡೆಗೆ ಹಾಕಬೇಕು. ದಕ್ಷಿಣ ಆಫ್ರಿಕಾದ ಪಾಸ್‌ಬುಕ್ ಫೋಟೊಗಳಿಗೆ ಪೊಲರಾಯ್ಡ್ ಕಂಪನಿಯ ಉಪಕರಣ ಬಳಕೆಯಾಗುತ್ತಿತ್ತು. ಅದರ ಐಡಿ-2 ಕ್ಯಾಮೆರಾದ ಹಿಂಬದಿಯಲ್ಲಿ ಫ್ಲಾಶ್ ಜೋರು ಮಾಡಲು ಬೇರೆಯೇ ಗುಂಡಿ. 1970ರಲ್ಲಿ ಅದೇ ಕಂಪನಿಯ ಕೆಲಸಗಾರರಾದ ಕ್ಯಾರೊಲಿನ್ ಹಂಟರ್ ಮತ್ತು ಕೆನ್ ವಿಲಿಯಮ್ಸ್ ಇದರ ವಿರುದ್ಧ ಬಹಿಷ್ಕಾರದ ಚಳವಳಿ ಶುರು ಮಾಡಿದರು, ಕೆಲಸ ಕಳೆದುಕೊಂಡರು. 1977ರಲ್ಲಿ ಕಂಪನಿ ಆ ದೇಶದಿಂದ ಕಾಲ್ತೆಗೆಯಿತು.

ಥರ್ಸ್ಟನ್ ಥರದ ಚಿತ್ರ ಗುರುತಿಸೋದು ಸುಲಭ. ಅಡಿಬರಹದಲ್ಲಿ ಜಾತಿಯ ಹೆಸರಿರುತ್ತೆ, ಮನುಷ್ಯನ ಹೆಸರಿರಲ್ಲ. ನಾವೂ "ಅಸ್ಸಾಮಿ ಕೂಲಿ ಹೆಂಗಸು, ಮೂಡಿಗೆರೆ" ಅಂತ ಬರೆದರೆ ಅದೇ ಸಂಪುಟದ ಮುಂದುವರಿದ ಪುಟ.

ಯಗಚಿ

ಹಾಗಾದ್ರೆ ಅಡಿಬರಹಕ್ಕೆ ಏನು ನಿಯಮ? ಸದ್ಯಕ್ಕೆ ನಮ್ಮದು "1963, ಬರ್ಮಿಂಗ್‌ಹ್ಯಾಮ್: ಕಪ್ಪು ಚಳವಳಿಗಾರನ ಮೇಲೆ ಪೊಲೀಸ್ ನಾಯಿ" ಅಂತಿದೆ.

ಹಳೇ ನೆಗೆಟಿವ್

ಅದು ತಪ್ಪು, ಹಾಕಬೇಡಿ. 1963ರ ಮೇ 3ರಂದು ಅಮೆರಿಕದ ಬರ್ಮಿಂಗ್‌ಹ್ಯಾಮಿನಲ್ಲಿ ಬಿಲ್ ಹಡ್ಸನ್ ತೆಗೆದ ಆ ಚಿತ್ರದ ಹುಡುಗ ವಾಲ್ಟರ್ ಗ್ಯಾಡ್ಸ್‌ಡನ್. ಅವನು ಮೆರವಣಿಗೆಯಲ್ಲಿರಲಿಲ್ಲ, ನೋಡಲು ಬಂದು ನಿಂತಿದ್ದ ಹೈಸ್ಕೂಲ್ ಹುಡುಗ. ಮರುದಿನ ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ ಬಂದಾಗಿನಿಂದ ಜಗತ್ತು ಅವನನ್ನು ಚಳವಳಿಗಾರ ಎಂದೇ ಓದಿಕೊಂಡಿದೆ. ಇನ್ನೂ ಹತ್ತಿರದಿಂದ ನೋಡಿ: ಅವನ ಮೊಣಕಾಲು ನಾಯಿಯ ಎದೆಗೆ ಎದುರಾಗಿ ಮೇಲೆದ್ದಿದೆ, ಒಂದು ಕೈ ಪೊಲೀಸಿನವನ ಮುಂಗೈ ಮೇಲಿದೆ. ಸುಮ್ಮನೆ ಕಚ್ಚಿಸಿಕೊಂಡು ನಿಂತವನ ಭಂಗಿ ಅದಲ್ಲ.

ಅಡಿಬರಹಕ್ಕೆ ಐದು ಸಂಗತಿ ಬೇಕು. ಯಾರು, ಎಲ್ಲಿ, ಯಾವ ದಿನ, ಏನು ನಡೆಯುತ್ತಿದೆ, ತೆಗೆದವರು ಯಾರು. ಗೊತ್ತಿಲ್ಲದ್ದನ್ನು ಗುಣವಾಚಕ ತುಂಬಿ ಮುಚ್ಚಬೇಡಿ. "ಅಮಾನುಷ", "ಕರುಣಾಜನಕ" ಇತ್ಯಾದಿ ಕಂಡಲ್ಲಿ ಹೊಡೆದುಹಾಕಿ. 50 ಪದ ಮೀರಿದರೆ ನಿಂತು ಯಾರೂ ಓದಲ್ಲ.

ದಕ್ಷಿಣ ಆಫ್ರಿಕಾದ ಸೊವೆಟೊ ಚಿತ್ರಕ್ಕೆ ಹೀಗಿರಬಹುದು: "1976ರ ಜೂನ್ 16, ಸೊವೆಟೊ. ಆಫ್ರಿಕಾನ್ಸ್ ಭಾಷೆಯ ಹೇರಿಕೆ ವಿರೋಧಿಸಿ ಶಾಲಾ ಮಕ್ಕಳು ಹೊರಟಿದ್ದ ಮೆರವಣಿಗೆಯ ಮೇಲೆ ಪೊಲೀಸರು ಗುಂಡು ಹಾರಿಸಿದರು. 12 ವರ್ಷದ ಹೆಕ್ಟರ್ ಪೀಟರ್‌ಸನ್‌ನನ್ನು ಎಂಬುಯಿಸಾ ಮಖೂಬು ಎತ್ತಿಕೊಂಡು ಓಡುತ್ತಿದ್ದಾನೆ. ಪಕ್ಕದಲ್ಲಿ ಹೆಕ್ಟರ್‌ನ ಅಕ್ಕ ಆಂಟೊನೆಟ್. ಚಿತ್ರ: ಸ್ಯಾಮ್ ಎನ್‌ಜಿಮಾ." ಮೂವರ ಹೆಸರೂ ಇರಲೇಬೇಕು. ಎತ್ತಿಕೊಂಡವನನ್ನು ಎಷ್ಟೋ ಕಡೆ "ಒಬ್ಬ ಯುವಕ" ಎಂದು ಬಿಡುತ್ತಾರೆ. ಈ ಚಿತ್ರದ ದೆಸೆಯಿಂದ ಅವನು ದೇಶ ಬಿಟ್ಟು ಹೋದ, 1978ರಲ್ಲಿ ನೈಜೀರಿಯಾದಿಂದ ತಾಯಿಗೆ ಒಂದು ಕಾಗದ ಬಂದದ್ದೇ ಕೊನೆ. ಎನ್‌ಜಿಮಾ ಫಿಲ್ಮ್ ರೋಲನ್ನು ಕಾಲುಚೀಲದಲ್ಲಿ ಅಡಗಿಸಿ ಪತ್ರಿಕೆಗೆ ಮುಟ್ಟಿಸಿದ್ದರು. ಆಮೇಲೆ ಪೊಲೀಸರ ಕಾಟಕ್ಕೆ ಕೆಲಸವನ್ನೇ ಬಿಟ್ಟರು. ತಮ್ಮದೇ ಚಿತ್ರದ ಹಕ್ಕು ಕೈಗೆ ಬಂದದ್ದು 1998ರಲ್ಲಿ.

ಬಸ್‌ಸ್ಟ್ಯಾಂಡ್ ವಕೀಲ

ಹಕ್ಕಿನ ಮಾತು ಬಂದದ್ದಕ್ಕೆ ಹೇಳ್ತೀನಿ. ಫೋಟೊ ಪ್ರಕಟವಾಗಿ 60 ವರ್ಷ ಆದ್ರೆ ಯಾರು ಬೇಕಾದ್ರೂ ಬಳಸಬಹುದು ಅನ್ನೋದು ಹಳೇ ಲೆಕ್ಕ. 2012ರ ತಿದ್ದುಪಡಿ ಆದ ಮೇಲೆ ಫೋಟೊಗ್ರಾಫರ್ ತೀರಿಕೊಂಡ ನಂತರ 60 ವರ್ಷ. ಕೋಲ್ ಸತ್ತದ್ದು 1990, ಎನ್‌ಜಿಮಾ 2018, ದಕ್ಷಿಣ ಆಫ್ರಿಕಾದ ಇನ್ನೊಬ್ಬ ಫೋಟೊಗ್ರಾಫರ್ ಪೀಟರ್ ಮಗುಬಾನೆ 2024. ಮೂವರಿಗೂ ಅನುಮತಿ ಬೇಕು. "ನಾವು ದುಡ್ಡು ಮಾಡ್ತಿಲ್ಲ" ಅನ್ನೋದು ಉತ್ತರ ಅಲ್ಲ. ತರಗತಿಯಲ್ಲಿ ಪಾಠದ ಭಾಗವಾಗಿ ತೋರಿಸೋಕೆ ವಿನಾಯಿತಿ ಇದೆ, ಸಾರ್ವಜನಿಕ ಹಾಲಿನ ಗೋಡೆಗೆ ಅದೇ ವಿನಾಯಿತಿ ಎಳೆಯೋಕಾಗಲ್ಲ.

ಪಾರ್ಕ್ಸ್ 1942ರಲ್ಲಿ ಅಮೆರಿಕ ಸರ್ಕಾರದ ಫಾರ್ಮ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಷನ್‌ಗೆ ತೆಗೆದದ್ದು ಮುಕ್ತ. ಅವರೇ 1956ರಲ್ಲಿ ಲೈಫ್ ಪತ್ರಿಕೆಗೆ ಅಲಬಾಮಾದಲ್ಲಿ ತೆಗೆದ ಬಣ್ಣದ ಚಿತ್ರಗಳು ಮುಕ್ತ ಅಲ್ಲ. ಹೆಸರು ಒಂದೇ ಅಂತ ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ. ಕಾಂಗೋದಲ್ಲಿ ಆಲಿಸ್ ಸೀಲಿ ಹ್ಯಾರಿಸ್ 1904ರಲ್ಲಿ ತೆಗೆದ ಚಿತ್ರದ ಅವಧಿ ಹಳೇ ಲೆಕ್ಕದಲ್ಲೇ ಮುಗಿದಿತ್ತು, ಅದಕ್ಕೆ ತೊಂದರೆ ಇಲ್ಲ.

ಯಗಚಿ

ಆ ಕಾಂಗೋ ಚಿತ್ರ ಇಡೋದೋ ಬೇಡವೋ ಅಂತ ನಮ್ಮಲ್ಲೇ ಜಗಳ. ತಂದೆ ಮಗಳ ಕತ್ತರಿಸಿದ ಕೈ, ಪಾದ ನೋಡ್ತಾ ಕೂತಿರೋದು.

ಹಳೇ ನೆಗೆಟಿವ್

ಇಡಿ. ಆದರೆ ಒಳಗಿನ ತಿರುವಿನಲ್ಲಿ, ಮಕ್ಕಳನ್ನು ಕರೆತಂದವರಿಗೆ ಮುಂಚೆಯೇ ತಿಳಿಯುವ ಹಾಗೆ ಒಂದು ಸೂಚನಾ ಫಲಕ ಹಾಕಿ. ತಂದೆಯ ಹೆಸರು ಎನ್ಸಾಲಾ, ಬರೆಯಿರಿ. ಬೆಲ್ಜಿಯಂನ ಲಿಯೊಪೋಲ್ಡ್ ದೊರೆಯ ರಬ್ಬರ್ ಲೂಟಿಯ ವಿರುದ್ಧ ಬ್ರಿಟನ್, ಅಮೆರಿಕದಲ್ಲಿ ಮ್ಯಾಜಿಕ್ ಲ್ಯಾಂಟರ್ನ್ ಸ್ಲೈಡ್ ಹಾಕಿ ಊರೂರಿಗೆ ತೋರಿಸಿದ ಚಿತ್ರಗಳಲ್ಲಿ ಇದೂ ಒಂದು. 1908ರಲ್ಲಿ ಕಾಂಗೋ ದೊರೆಯ ಖಾಸಗಿ ಆಸ್ತಿಯಾಗಿದ್ದದ್ದು ತಪ್ಪಿತು. ಹಾಗಂತ ಸ್ವಾತಂತ್ರ್ಯ ಬರಲಿಲ್ಲ, ಬೆಲ್ಜಿಯಂ ಸರ್ಕಾರದ ವಸಾಹತಾಯಿತು. ಎರಡನ್ನೂ ಬರೆಯಿರಿ.

ಪ್ರಶ್ನೆ ಪಾಪಣ್ಣ

ಲೈನ್ ಮನೆಗೂ ಸೊವೆಟೊಗೂ ಏನು ಸಂಬಂಧ? ನಮ್ಮಲ್ಲಿರೋದು ಜಾತಿ, ಜನಾಂಗ ಅಲ್ಲ.

ಬಸ್‌ಸ್ಟ್ಯಾಂಡ್ ವಕೀಲ

ಇದೇ ವಾದವನ್ನ 2001ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ನಡೆದ ವಿಶ್ವಸಂಸ್ಥೆಯ ವರ್ಣಭೇದ ವಿರೋಧಿ ಸಮ್ಮೇಳನದಲ್ಲಿ ಭಾರತ ಸರ್ಕಾರ ಮಾಡಿತ್ತು, ದಲಿತ ಸಂಘಟನೆಗಳು ಅಲ್ಲೇ ಎದುರು ನಿಂತವು. 2002ರಲ್ಲಿ ವಿಶ್ವಸಂಸ್ಥೆಯ ಜನಾಂಗ ತಾರತಮ್ಯ ನಿವಾರಣಾ ಸಮಿತಿ, ಹುಟ್ಟಿನ ಆಧಾರದ ತಾರತಮ್ಯದಲ್ಲಿ ಜಾತಿಯೂ ಸೇರುತ್ತೆ ಅಂತ ತನ್ನ 29ನೇ ಸಾಮಾನ್ಯ ಶಿಫಾರಸಿನಲ್ಲಿ ಹೇಳಿತು. ಎರಡೂ ಒಂದೇ ಅಂತ ನಾನು ಹೇಳಲ್ಲ. ಆದ್ರೆ ತೋಟದಲ್ಲಿ ಅಸ್ಸಾಮಿನವರ ಮುಖ ನೋಡಿ "ಬಾಂಗ್ಲಾದವರು" ಅನ್ನೋದು ಜಾತಿ ಅಲ್ವಲ್ಲ. 2012ರ ಆಗಸ್ಟಲ್ಲಿ ಒಂದು ಗಾಳಿಸುದ್ದಿಗೆ ಈಶಾನ್ಯದವರು ಸಾವಿರಾರು ಜನ ಬೆಂಗಳೂರಿಂದ ರೈಲು ಹತ್ತಿದ್ದು ಯಾವುದಕ್ಕೆ?

ಸಿಲ್ವರ್ ಓಕ್

ತೋಟದ ಕೆಲಸಕ್ಕೆ ಬರೋಣ. ಇಲ್ಲಿ ಬೆಳಕೇ ದೊಡ್ಡ ತಲೆನೋವು.

ಮರದ ನೆರಳಲ್ಲಿ ಬಿಸಿಲು ಚುಕ್ಕಿಚುಕ್ಕಿಯಾಗಿ ಬೀಳುತ್ತೆ. ಮೀಟರ್ ನೋಡಿದ್ದನ್ನೆಲ್ಲ ಶೇ 18 ಬೂದು ಅಂದ್ಕೊಳ್ಳುತ್ತೆ. ಹಿಂದೆ ಆಕಾಶದ ತುಂಡು ಕಂಡ್ರೆ ಮುಖ ಮಸಿ. ಕಪ್ಪು ಮುಖವೇ ಫ್ರೇಮ್ ತುಂಬಿದ್ರೆ ಮುಖ ಬೂದಿ. ಸ್ಪಾಟ್ ಮೀಟರ್‌ಗೆ ಹಾಕಿ, ಕೆನ್ನೆಯ ನೆರಳೂ ಅಲ್ಲದ ಹೊಳಪೂ ಅಲ್ಲದ ಜಾಗ ಅಳೆದು, ಬಂದದ್ದಕ್ಕಿಂತ ಒಂದು ಸ್ಟಾಪ್ ಕಮ್ಮಿ ಕೊಡಿ. ಗೋಧಿ ಬಣ್ಣಕ್ಕೆ ಬಂದದ್ದೇ ಇರಲಿ. ಮೊಬೈಲ್ ಆದ್ರೆ ಬ್ಯೂಟಿ ಮೋಡ್ ಆಫ್ ಮಾಡಿ, ಮುಖದ ಮೇಲೆ ಒತ್ತಿ ಹಿಡಿದು ಲಾಕ್ ಮಾಡಿ, ಬೆರಳು ಕೆಳಕ್ಕೆ ಸ್ವಲ್ಪ ಎಳೀರಿ.

ಕಪ್ಪು ಚರ್ಮಕ್ಕೆ ಆಕಾರ ಬರೋದು ನೆರಳಿಂದಲ್ಲ, ಹೊಳಪಿಂದ. ಎದುರಿಂದ ಫ್ಲಾಶ್ ಹೊಡೆದ್ರೆ ಹಣೆ ಮೂಗಲ್ಲಿ ಬಿಳಿ ಚುಕ್ಕೆ, ಮಿಕ್ಕಿದ್ದು ಚಪ್ಪಟೆ. ಪಕ್ಕದಿಂದ ಅಗಲವಾದ ಬೆಳಕು ಬೇಕು: ಬಾಗಿಲು, ಇಲ್ಲಾಂದ್ರೆ ಎರಡಡಿ ಅಗಲದ ಥರ್ಮೊಕೋಲ್ ಹಾಳೆ. ಲೈನ್ ಮನೆ ಒಳಗೆ ಫ್ಲಾಶನ್ನ ಮೇಲಕ್ಕೆ ಬೌನ್ಸ್ ಮಾಡೋಕೆ ಹೋಗಬೇಡಿ. ಸೌದೆ ಹೊಗೆಗೆ ಶೀಟೆಲ್ಲ ಕರಿ ಹಿಡಿದಿರುತ್ತೆ, ಬೆಳಕು ವಾಪಸ್ ಬರಲ್ಲ. ನೀಲಿ ಸುಣ್ಣದ ಗೋಡೆಗೆ ಬೌನ್ಸ್ ಮಾಡಿದ್ರೆ ಮುಖ ನೀಲಿ. ಇದ್ದಿದ್ರಲ್ಲಿ ಚೆನ್ನಾಗಿರೋ ಜಾಗ ಕಾಫಿ ಒಣಗಿಸೋ ಕಣ. ಬೆಳಗ್ಗೆ ಒಂಬತ್ತರ ಬಿಸಿಲು ಸಿಮೆಂಟ್ ನೆಲದಿಂದ ಮೇಲಕ್ಕೆ ಚಿಮ್ಮಿ ಗದ್ದದ ಕೆಳಗಿನ ಕತ್ತಲನ್ನ ತುಂಬುತ್ತೆ. ಅರೇಬಿಕಾ ಕೊಯ್ಲು ನವೆಂಬರಿಂದ ಜನವರಿ, ರೊಬಸ್ಟಾ ಅದರ ಹಿಂದೇನೇ. ಹಾಗಾಗಿ ಕಣ ಖಾಲಿ ಇರಲ್ಲ.

ತೆಗೆಯಬೇಕಾದ್ದರ ಪಟ್ಟಿ ಕೋಲ್ ದಾರೀಲೇ ಮಾಡ್ಕೊಳ್ಳಿ: ನೀರು ಎಲ್ಲಿಂದ ಹೊರ್ತಾರೆ, ಒಂದು ಕೋಣೇಲಿ ಎಷ್ಟು ಹಾಸಿಗೆ (ಗೋಡೆಗೆ ಅಳತೆ ಟೇಪ್ ಹಿಡಿದು ಒಂದು ಚಿತ್ರ), ಕಕ್ಕಸಿಗೂ ಮನೆಗೂ ಎಷ್ಟು ದೂರ, ಸಂಜೆ ತೂಕದ ಮುಳ್ಳು, ಅದನ್ನ ಬರ್ಕೊಳ್ಳೋ ಪುಸ್ತಕ, ಹಗಲು ಮಕ್ಕಳು ಎಲ್ಲಿರ್ತಾರೆ, ಭಾನುವಾರದ ಸಂತೆ. ಪ್ರತಿಯೊಂದನ್ನೂ ದೂರದಿಂದ ಒಂದು, ನಡುವಿಂದ ಒಂದು, ಹತ್ತಿರದಿಂದ ಒಂದು. ಬರೀ ಹತ್ತಿರದ್ದೇ ಇದ್ರೆ "ಇದು ನಮ್ಮ ತೋಟ ಅಂತ ಏನು ಗ್ಯಾರಂಟಿ" ಅಂತಾರೆ.

ಒಪ್ಪಿಗೆಯನ್ನ ರೈಟರ್ (ತೋಟದ ಲೆಕ್ಕ ಬರೆಯೋರು) ಅಥವಾ ಮೇಸ್ತ್ರಿ ಮೂಲಕ ಕೇಳಿಸಬೇಡಿ. ಅವರು ಕೇಳಿದ್ರೆ ಅದು ಅಪ್ಪಣೆ. ಸಾದ್ರಿ (ಜಾರ್ಖಂಡ್ ಕಡೆಯ ಮಾತು) ಅಥವಾ ಬಂಗಾಳಿ ಬರೋರೊಬ್ರನ್ನ ಜೊತೆಗೆ ಕರ್ಕೊಂಡು ಹೋಗಿ. ಮೊದಲ ದಿನ ಕ್ಯಾಮೆರಾ ಚೀಲದಿಂದ ಆಚೆ ತೆಗೀಬೇಡಿ. ಬೇಡ ಅಂದೋರ ಚಿತ್ರ ಅವರ ಎದುರೇ ಅಳಿಸಿ.

ಬಸ್‌ಸ್ಟ್ಯಾಂಡ್ ವಕೀಲ

ಸಿಲ್ವರ್ ಓಕ್ ಅವರದ್ದಕ್ಕೆ ಸೇರಿಸೋದು: ಆಧಾರ್ ಕಾರ್ಡ್, ವೋಟರ್ ಕಾರ್ಡ್ ಹಿಡಿಸಿ ಫೋಟೊ ತೆಗೀಲೇಬೇಡಿ. ಪಾಪ, ತಾವು ಭಾರತದವರೇ ಅಂತ ತೋರಿಸೋಕೆ ಅವರೇ ಮುಂದೆ ಚಾಚ್ತಾರೆ. ಆ ನಂಬರ್ ನಾಳೆ ಯಾರ ಕೈಗೆ ಹೋಗುತ್ತೋ.

ಜಿಪಿಎಸ್ ಆಫ್ ಮಾಡಿ. ವಾಟ್ಸಾಪಲ್ಲಿ ಫೋಟೊ ಅಂತ ಕಳಿಸಿದ್ರೆ ಜಾಗದ ಮಾಹಿತಿ ಬಿದ್ದುಹೋಗುತ್ತೆ, ಡಾಕ್ಯುಮೆಂಟ್ ಅಂತ ಕಳಿಸಿದ್ರೆ ಹಾಗೇ ಹೋಗುತ್ತೆ. ಮುಖ ಮರೆಮಾಡಬೇಕಾದ್ರೆ ತೆಳು ಬ್ಲರ್ ಸಾಲದು, ಅಪಾರದರ್ಶಕ ಚೌಕ ಹಾಕಿ ಹೊಸ ಫೈಲಾಗಿ ಉಳಿಸಿ. ಕೆಲವು ಆ್ಯಪ್‌ಗಳಲ್ಲಿ ಒಳಗಿನ ಥಂಬ್‌ನೇಲ್ ಹಳೇ ಮುಖದ್ದೇ ಉಳಿದಿರುತ್ತೆ, ಎಕ್ಸಿಫ್‌ಟೂಲಲ್ಲಿ (ಫೈಲೊಳಗಿನ ಮಾಹಿತಿ ತೋರಿಸೋ ತಂತ್ರಾಂಶ) ತೆರೆದು ನೋಡಿ.

ಮೂಲ ಫೈಲನ್ನ ಮಾತ್ರ ಮುಟ್ಟಬೇಡಿ. ಕಾರ್ಡಿಂದ ಇಳಿಸಿದ ದಿನವೇ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಬೆರಳಚ್ಚಿನ ಥರದ ಸಂಖ್ಯೆ, ಫೈಲು ಚೂರು ಬದಲಾದ್ರೂ ಬದಲಾಗುತ್ತೆ) ತೆಗೆದು ಪುಸ್ತಕದಲ್ಲಿ ಬರೆದಿಡಿ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶ್ ತುಂಬೋ ಜಾಗವೇ ಇದೆ. ಲೇಬರ್ ಇಲಾಖೆಗೋ ಕೋರ್ಟಿಗೋ ಹೋಗೋ ದಿನ ಬಂದ್ರೆ ಕ್ರಾಪ್ ಮಾಡಿ, ಬೆಳಕು ಎತ್ತಿದ ಜೆಪೆಗ್ ಒಂದೇ ಹಿಡ್ಕೊಂಡು ಹೋದೋರು ಬಾಗಿಲಲ್ಲೇ ಸೋಲ್ತಾರೆ.

ಸಿಲ್ವರ್ ಓಕ್

ಫಿಲ್ಮಲ್ಲೇ ತೆಗೀತೀನಿ ಅಂತ ಹಟ ಇರೋರು ಇದಾರಾ ನಿಮ್ಮಲ್ಲಿ?

ಯಗಚಿ

ಇಬ್ಬರಿದ್ದಾರೆ. ಕಪ್ಪು ಬಿಳುಪಿನ ಟ್ರೈ-ಎಕ್ಸ್ 400.

ಕೆಂಪು ದೀಪ

ಹಾಗಾದ್ರೆ ಅವರಿಗೆ: ಫಿಲ್ಮಿನ ವೇಗ (ಐಎಸ್‌ಒ) 400ರ ಬದಲು 200 ಅಂತ ಲೆಕ್ಕ ಹಿಡಿದು ಎಕ್ಸ್‌ಪೋಸ್ ಮಾಡಿ, ಡೆವಲಪ್ ಸಮಯ ಶೇ 20ರಷ್ಟು ಇಳಿಸಿ. ನೆರಳಲ್ಲಿರೋ ಕಪ್ಪು ಮುಖಕ್ಕೆ ನೆಗೆಟಿವ್ ಮೇಲೆ ಬೆಳ್ಳಿ ಉಳಿಯುತ್ತೆ, ಬಿಸಿಲಿನ ಚುಕ್ಕಿಯೂ ಸುಡಲ್ಲ. ಡೆವಲಪರ್ ಡಿ-76, ಒಂದಕ್ಕೊಂದು ನೀರು ಬೆರೆಸಿದ್ದು, 20 ಡಿಗ್ರಿ, ಮಾಮೂಲಿ ಸಮಯ ಒಂಬತ್ತೂಮುಕ್ಕಾಲು ನಿಮಿಷ. ಇಳಿಸಿದ್ರೆ ಸುಮಾರು ಎಂಟು. ನಮ್ಮ ಕಡೆ ಬೇಸಿಗೇಲಿ ನಲ್ಲಿ ನೀರು ಬೆಚ್ಚಗಿರುತ್ತೆ. ಡಿಗ್ರಿಗೆ ಶೇ 10ರ ಹಾಗೆ ಸಮಯ ಕಳೀತಾ ಹೋದ್ರೆ ಐದು ನಿಮಿಷಕ್ಕಿಂತ ಕೆಳಗೆ ಬಂದು ಪಟ್ಟೆಪಟ್ಟೆ ಬೀಳುತ್ತೆ. ಬಕೆಟ್ಟಲ್ಲಿ ಐಸ್ ಬಾಟ್ಲಿ ಮುಳುಗಿಸಿ 20ಕ್ಕೇ ತನ್ನಿ.

ಫಿಕ್ಸರ್ (ಚಿತ್ರ ಮತ್ತೆ ಬೆಳಕಿಗೆ ಕೆಡದ ಹಾಗೆ ನಿಲ್ಲಿಸೋ ದ್ರಾವಣ) ಪರೀಕ್ಷೆ ಮರೀಬೇಡಿ. ಫಿಲ್ಮಿನ ತುದಿ ಒಂದು ಚೂರು ಹಾಕಿ, ಪಾರದರ್ಶಕ ಆಗೋಕೆ ಎಷ್ಟು ಹೊತ್ತೋ ಅದರ ಎರಡು ಪಟ್ಟು ಫಿಕ್ಸ್ ಮಾಡಿ. ಹೊಸದಾಗಿದ್ದಾಗ ಹಿಡಿದಿದ್ದಕ್ಕಿಂತ ಇಮ್ಮಡಿ ಹೊತ್ತು ಹಿಡಿದ್ರೆ ಚೆಲ್ಲಿ. ತೊಳೆಯೋಕೆ ಟ್ಯಾಂಕಿಗೆ ನೀರು ತುಂಬಿ 5 ಸಲ ಮಗುಚಿ ಚೆಲ್ಲಿ, ಮತ್ತೆ ತುಂಬಿ 10, ಮತ್ತೆ ತುಂಬಿ 20. ಹರಿಯೋ ನೀರು ಬೇಕಾಗಲ್ಲ.

ಹಳೇ ನೆಗೆಟಿವ್

ತೊಳೆದಾದ ಮೇಲೆ ಇಡೋದು ಎಲ್ಲಿ ಅನ್ನೋದು ಅಷ್ಟೇ ಮುಖ್ಯ. ಕೋಲ್ 1990ರಲ್ಲಿ ನ್ಯೂಯಾರ್ಕಿನಲ್ಲಿ ಬಡತನದಲ್ಲೇ ತೀರಿಕೊಂಡಾಗ ಅವನ ನೆಗೆಟಿವ್‌ಗಳು ಎಲ್ಲಿವೆ ಎಂದು ಮನೆಯವರಿಗೇ ಗೊತ್ತಿರಲಿಲ್ಲ. 2017ರಲ್ಲಿ ಸ್ಟಾಕ್‌ಹೋಮಿನ ಬ್ಯಾಂಕ್ ಲಾಕರಿನಿಂದ ಸುಮಾರು 60,000 ಹೊರಬಂದವು. ತಣ್ಣನೆಯ ಒಣ ದೇಶವಾಗಿದ್ದಕ್ಕೆ ಉಳಿದವು. ಮೂಡಿಗೆರೆಯ ಒಂದು ಮಳೆಗಾಲ ಸಾಕು, ಜೂನ್‌ನಲ್ಲಿ ಮುಚ್ಚಿಟ್ಟ ಡಬ್ಬ ಸೆಪ್ಟೆಂಬರಿನಲ್ಲಿ ತೆರೆದರೆ ಜೆಲಟಿನ್ ಮೇಲೆ ಬೂಸ್ಟಿನ ಜೇಡರಬಲೆ. ಅದು ಜೆಲಟಿನ್ ತಿಂದೇ ಬೆಳೆಯುವುದರಿಂದ ಒರೆಸಿದರೆ ಚಿತ್ರವೂ ಒರೆಸಿಕೊಂಡು ಬರುತ್ತೆ.

ಪಿವಿಸಿ ಹಾಳೆ ಬೇಡ, ಪಾಲಿಪ್ರೊಪಿಲೀನ್ ಸ್ಲೀವ್ ತನ್ನಿ. ರಬ್ಬರ್ ಗ್ಯಾಸ್ಕೆಟ್ ಇರುವ ಡಬ್ಬ, ಒಳಗೆ ಸಿಲಿಕಾ ಜೆಲ್, ಸಣ್ಣ ಹೈಗ್ರೊಮೀಟರ್. ತೇವಾಂಶ ಶೇ 40ರಿಂದ 50ರ ನಡುವೆ ಇರಲಿ. ನೀಲಿ ಹರಳು ಗುಲಾಬಿಯಾದರೆ 120 ಡಿಗ್ರಿಯ ಒವನ್ನಿನಲ್ಲಿ ನೀಲಿ ಮರಳುವವರೆಗೆ ಬಿಸಿ ಮಾಡಿ. ಅಕ್ಕಿ ಹಾಕಿಡುವವರಿದ್ದಾರೆ, ಅದರಿಂದ ಬರೋದು ಧೂಳು ಮತ್ತು ಹುಳ. ಎಲ್ಲಿಟ್ಟಿದೆ ಎಂದು ಮೂವರಿಗೆ ಗೊತ್ತಿರಲಿ, ಸ್ಕ್ಯಾನಿನ ಒಂದು ಪ್ರತಿ ಬೇರೆ ಊರಲ್ಲಿರಲಿ.

ಯಗಚಿ

ಎಲ್ಲರಿಗೂ ನಮಸ್ಕಾರ. ಲೆಕ್ಕ ಹಾಕಿದ್ವಿ: ಮೌಂಟ್ ಸೇರಿ ಒಂದೊಂದು 24 ಇಂಚು ಅಗಲ, ನಡುವೆ 8 ಇಂಚು ಬಿಟ್ರೆ 60 ಅಡಿಗೆ 22 ಚಿತ್ರ. ಅನುಮತಿಗೆ ಪತ್ರ ಹೊರಟಿದೆ, ಬರದಿದ್ರೆ ಆ ಜಾಗದಲ್ಲಿ ಬರೀ ಅಡಿಬರಹ ಇರುತ್ತೆ, ಚೌಕ ಖಾಲಿ. ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲವಂತೆ.

ಕೆಂಪು ದೀಪ

ಖಾಲಿ ಚೌಕ ಒಳ್ಳೇ ಯೋಚನೆ. ಮೊಳೆ ಬೇಡ, ಮೇಲೆ ಒಂದು ಅಲ್ಯೂಮಿನಿಯಂ ಪೈಪ್ ಅಡ್ಡ ಕಟ್ಟಿ ನೈಲಾನ್ ದಾರದಲ್ಲಿ ಇಳಿಬಿಡಿ, ಪ್ರತಿ ಚಿತ್ರಕ್ಕೆ ಎರಡು ದಾರ. ಒಂದೇ ದಾರ ಆದ್ರೆ ಫ್ಯಾನ್ ಗಾಳಿಗೆ ತಿರುಗುತ್ತೆ. ಚಿತ್ರದ ನಡುಭಾಗ ನೆಲದಿಂದ 57 ಇಂಚಿಗೆ ಬರಲಿ. ಟೆಸ್ಟ್ ಪ್ರಿಂಟ್ ಏನಾಯ್ತು?

ಯಗಚಿ

ಇವತ್ತು ಬಂತು. ಅರ್ಧ ಸ್ಟಾಪ್ ಗಾಢದ್ದೇ ಸರಿ ಇದೆ. ಪೊರಕೆ ಕಡ್ಡಿ ಬಿಡಿಬಿಡಿಯಾಗಿ ಕಾಣ್ತಿದೆ. ಕೌಂಟರಲ್ಲಿದ್ದ ಹುಡುಗ ಮಾತ್ರ "ಮೇಡಂ, ಮುಖ ಸ್ವಲ್ಪ ಲೈಟ್ ಮಾಡ್ಲಾ" ಅಂತ ಎರಡು ಸಲ ಕೇಳಿದ.